ಕಾರಿನ ತಲೆಯ ಮೇಲೊಂದು ಪೆಟ್ಟಿಗೆ: ಯಾರಿಗೆ ಬೇಕು, ಎಷ್ಟು ಬೇಕು?

ಏಳು ಸೀಟಿನ ಕಾರು ಕೊಳ್ಳಲು ಹೋದವರು ಮೈಲೇಜು ಎಷ್ಟೆಂದು ಕೇಳುತ್ತಾರೆ, ಸನ್‌ರೂಫ್ ಇದೆಯೇ ಎಂದು ತಲೆಯೆತ್ತುತ್ತಾರೆ, ಟಚ್‌ಸ್ಕ್ರೀನ್ ಒತ್ತಿ ನೋಡುತ್ತಾರೆ. ಏಳೂ ಜನ ಕೂತ ಮೇಲೆ ಅವರ ಬ್ಯಾಗುಗಳನ್ನು ಎಲ್ಲಿಡುವುದು ಎಂದು ಕೇಳುವವರು ಕಡಿಮೆ. ಮೂರನೇ ಸಾಲಿನ ಸೀಟು ಎತ್ತಿದರೆ ಮಾರುತಿ ಎರ್ಟಿಗಾದ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ. ಇನ್ನೋವಾ ಕ್ರಿಸ್ಟಾದಲ್ಲಿ 300, ರೆನೊ ಟ್ರೈಬರ್‌ನಲ್ಲಿ ಬರೀ 84. ವಿಮಾನದೊಳಗೆ ಕೈಯಲ್ಲಿ ಹಿಡಿದು ಹೋಗುವ ಪುಟ್ಟ ಸೂಟ್‌ಕೇಸೇ 35–40 ಲೀಟರ್ ಇರುತ್ತದೆ. ಅಂದರೆ ಟ್ರೈಬರ್‌ನಲ್ಲಿ ಏಳು ಜನಕ್ಕೆ ಅಂಥವು ಎರಡು. ಸಣ್ಣ ಕಾರುಗಳ ಕತೆ ಬೇರೆ ಬಗೆಯದು. ನಾಲ್ಕು ಮೀಟರ್ ಮೀರದ ಕಾರಿಗೆ ತೆರಿಗೆ ಕಡಿಮೆ ಎಂಬ ನೀತಿ 2006ರಿಂದ ಇದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ, ಎಂಜಿನ್ ಗಾತ್ರದ ಮಿತಿಯೊಳಗಿರುವ ಅಂಥ ಕಾರಿಗೆ ಶೇ 18, ದೊಡ್ಡದಕ್ಕೆ ಶೇ 40. ಹಾಗಾಗಿ ನಮ್ಮ ರಸ್ತೆಯ ಎಷ್ಟೋ ಕಾರುಗಳ ಉದ್ದ ಸರಿಯಾಗಿ 3,995 ಮಿಲಿಮೀಟರ್. ಉದ್ದ ಕತ್ತರಿಸಬೇಕಾದಾಗ ಎಂಜಿನ್ನನ್ನಾಗಲಿ ಕಾಲಿಡುವ ಜಾಗವನ್ನಾಗಲಿ ಮುಟ್ಟುವಂತಿಲ್ಲ, ಕತ್ತರಿ ಬೀಳುವುದು ಡಿಕ್ಕಿಗೆ. ಅದರ ಮೇಲೆ ಸಿಎನ್‌ಜಿ ಸಿಲಿಂಡರ್ ಕೂಡಿಸಿದರೆ ಇದ್ದದ್ದೂ ಹೋಯಿತು. ಟಾಟಾ ಕಂಪನಿ 2023ರಲ್ಲಿ ಆಲ್ಟ್ರೋಜ್‌ಗೆ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ನೆಲದಡಿ ಕೂಡಿಸಿ ಡಿಕ್ಕಿ ಉಳಿಸಿಕೊಟ್ಟದ್ದು ದೊಡ್ಡ ಸುದ್ದಿಯಾಗಲು ಕಾರಣವೇ ಇದು.

ಡಿಕ್ಕಿಯಲ್ಲಿ ಹಿಡಿಯದ ಲಗೇಜು ಮನೆಯಲ್ಲಿ ಉಳಿಯುವುದಿಲ್ಲ, ಜನರ ನಡುವೆ ಬಂದು ಕೂರುತ್ತದೆ. ಕಾಲ ಕೆಳಗೊಂದು, ತೊಡೆಯ ಮೇಲೊಂದು, ಹಿಂದಿನ ಗಾಜು ಮುಚ್ಚುವಷ್ಟು ಒಟ್ಟಿದ ಮೂರು. ಬೆಲ್ಟಿನ ಬಕಲ್ ಬ್ಯಾಗಿನಡಿ ಸಿಕ್ಕಿಕೊಂಡಿದೆಯೆಂದು ಹಿಂದೆ ಕೂತವರು ಬೆಲ್ಟ್ ಹಾಕುವುದಿಲ್ಲ. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕೆಂಬುದು ಕಾನೂನು, ತಪ್ಪಿದರೆ ದಂಡ 1,000 ರೂಪಾಯಿ. 14 ವರ್ಷದೊಳಗಿನ ಮಕ್ಕಳ ವಿಷಯದಲ್ಲೂ ಅಷ್ಟೇ. ದಂಡ ಹಾಗಿರಲಿ, ಲೆಕ್ಕವನ್ನೇ ನೋಡಿ. ಗಂಟೆಗೆ 50 ಕಿ.ಮೀ. ವೇಗದ ಕಾರು ಯಾವುದಕ್ಕೋ ಗುದ್ದಿ ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತಿತೆನ್ನಿ. ಹಿಂದೆ ಕಟ್ಟದೆ ಇಟ್ಟ 10 ಕಿಲೋ ಬ್ಯಾಗು ಆ ಕ್ಷಣದಲ್ಲಿ ಮುಂದಿನವರ ಕುತ್ತಿಗೆಯ ಮೇಲೆ ಸುಮಾರು 140 ಕಿಲೋ ಭಾರದಂತೆ ಎರಗುತ್ತದೆ. ಮೂರನೇ ಸಾಲಿನಲ್ಲಿ ನಾವು ಕೂರಿಸುವುದು ಸಾಮಾನ್ಯವಾಗಿ ಮಕ್ಕಳನ್ನು, ಅವರ ತಲೆಯ ಹಿಂದೆಯೇ ಆ ಬ್ಯಾಗುಗಳ ರಾಶಿ. ಕಾರಿನ ಮೇಲಿನ ಪೆಟ್ಟಿಗೆಯ, ಅಂದರೆ ರೂಫ್ ಬಾಕ್ಸಿನ ಪರವಾಗಿ ಹೇಳಬಹುದಾದ ಗಟ್ಟಿ ಮಾತು ಇದೊಂದೇ. ಹೆಚ್ಚು ಸಾಮಾನು ಒಯ್ಯಲು ಅನುಕೂಲ ಎಂದು ಅದನ್ನು ಕೊಳ್ಳುವವರು ತಪ್ಪು ಕಾರಣಕ್ಕೆ ಕೊಳ್ಳುತ್ತಿದ್ದಾರೆ. ಅಷ್ಟೇ ಸಾಮಾನಿನಲ್ಲಿ ಹಗುರವಾದದ್ದನ್ನು ಮೇಲಕ್ಕೆ ಸಾಗಿಸಿ, ಭಾರವಾದದ್ದನ್ನು ಡಿಕ್ಕಿಯ ತಳಕ್ಕಿಳಿಸಿ, ನಡುವಿನ ಜಾಗವನ್ನು ಜನರಿಗೆ ಬಿಟ್ಟುಕೊಡುವುದಾದರೆ ಪೆಟ್ಟಿಗೆ ಉಪಯುಕ್ತ. ಇಲ್ಲವಾದರೆ ಅದು ದುಡ್ಡು ಕೊಟ್ಟು ತಲೆಯ ಮೇಲೆ ಎಳೆದುಕೊಂಡ ಅಪಾಯ.

ಮೇಲೆ ಲಗೇಜು ಕಟ್ಟುವುದು ನಮಗೆ ಹೊಸದೇನಲ್ಲ. ಅಂಬಾಸಿಡರ್ ಕಾರಿನ ಮೇಲೆ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಹಾಸಿಗೆ ಸುರುಳಿ, ಟ್ರಂಕು, ಮೇಲೊಂದು ಟಾರ್ಪಾಲು, ಸುತ್ತ ತೆಂಗಿನ ನಾರಿನ ಹಗ್ಗ. ಧರ್ಮಸ್ಥಳಕ್ಕೂ ಶಬರಿಮಲೆಗೂ ಮದುವೆಯ ದಿಬ್ಬಣಕ್ಕೂ ಹೊರಟ ಎಷ್ಟೋ ಕಾರುಗಳ ಚಿತ್ರ ಅದೇ. ಆ ನೆನಪಿನ ಬಲದ ಮೇಲೆ ‘ಆಗ ಏನಾಗಿತ್ತು, ಈಗೇನಾಗುತ್ತದೆ’ ಎನ್ನುವವರು ಕಾರಿನ ಮೈ ಬದಲಾಗಿರುವುದನ್ನು ಮರೆಯುತ್ತಾರೆ. ಅಂಬಾಸಿಡರ್ ಛಾವಣಿಯ ಎರಡೂ ಬದಿಗೆ ಮಳೆನೀರು ಹರಿಯಲು ಗಟ್ಟಿ ತಗಡಿನ ಅಂಚಿತ್ತು. ಕ್ಯಾರಿಯರಿನ ಕೊಕ್ಕೆ ಅದನ್ನೇ ಕಚ್ಚಿ ಹಿಡಿಯುತ್ತಿತ್ತು. 2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಲ್ಲುವ ಹೊತ್ತಿಗೆ ಆ ಅಂಚು ಉಳಿದೆಲ್ಲ ಕಾರುಗಳಿಂದ ಬಹುಮಟ್ಟಿಗೆ ಮಾಯವಾಗಿತ್ತು. ಈಗಿನ ಛಾವಣಿ ತೆಳು ತಗಡು, ಎಷ್ಟೋ ಕಾರುಗಳಲ್ಲಿ ಅದರ ನಡುವೆ ದೊಡ್ಡ ಗಾಜು. ಹಿಡಿತಕ್ಕೆ ಸಿಗುವುದು ಎರಡೂ ಬದಿಯ ರೂಫ್ ರೈಲು. ಮೋಸ ಹೋಗುವುದೂ ಇಲ್ಲಿಯೇ. ನಮ್ಮಲ್ಲಿ ಮಾರಾಟವಾಗುವ ಹಲವು ಕಾರುಗಳ ರೂಫ್ ರೈಲು ಬರೀ ಅಲಂಕಾರ, ಅಂಟು ಹಾಕಿ ಕೂರಿಸಿದ ಪ್ಲಾಸ್ಟಿಕ್. ಬೆಳ್ಳಿ ಬಣ್ಣ ನೋಡಿ ನಂಬಿ ಅದಕ್ಕೆ ಅಡ್ಡಪಟ್ಟಿ ಬಿಗಿದರೆ ಪೆಟ್ಟಿಗೆ ಹೆದ್ದಾರಿಯಲ್ಲಿ ಹಿಂದಿನ ಬೈಕಿನವನ ಪಾಲಾಗುತ್ತದೆ. ಕೈಯಲ್ಲಿ ಅಲುಗಾಡಿಸಿ ನೋಡುವುದು ಪರೀಕ್ಷೆಯಲ್ಲ. ಕಾರಿನ ಮ್ಯಾನ್ಯುಯಲ್‌ನಲ್ಲಿ ರೂಫ್ ಲೋಡ್ ಇಷ್ಟು ಕಿಲೋ ಎಂದು ಬರೆದಿದ್ದರೆ ಮಾತ್ರ ಅದು ಹೊರೆ ಹೊರುವ ರೈಲು. ಬರೆದಿಲ್ಲವೆಂದರೆ ಕಂಪನಿ ಅದಕ್ಕೆ ಹೊಣೆಯಲ್ಲ ಎಂದರ್ಥ. ಶೋರೂಮಿನ ಹುಡುಗ ‘ಏನೂ ಆಗಲ್ಲ ಸರ್’ ಎಂದ ಮಾತಿಗೆ ಬೆಲೆಯಿಲ್ಲ.

ಆ ಅಂಕಿ ಎಷ್ಟಿರುತ್ತದೆ? ಸಾಮಾನ್ಯ ಕಾರುಗಳಲ್ಲಿ 50ರಿಂದ 75 ಕಿಲೋ, ದೊಡ್ಡ ಎಸ್‌ಯುವಿಗಳಲ್ಲಿ 100ರ ಆಸುಪಾಸು. ಕೇಳಲು ಸಾಕಷ್ಟಿದೆ ಎನಿಸುತ್ತದೆ. ಆದರೆ ಈ ತೂಕದಲ್ಲಿ ಅಡ್ಡಪಟ್ಟಿಗಳೂ ಸೇರಿವೆ, ಪೆಟ್ಟಿಗೆಯೂ ಸೇರಿದೆ. ಪಟ್ಟಿಗಳು 5 ಕಿಲೋ, 400 ಲೀಟರಿನ ಗಟ್ಟಿ ಪೆಟ್ಟಿಗೆ 18ರಿಂದ 20 ಕಿಲೋ. ಮಿತಿ 75 ಇದ್ದರೆ ಸಾಮಾನಿಗೆ ಉಳಿಯುವುದು 50. ಮಿತಿ 50 ಇದ್ದರೆ ಉಳಿಯುವುದು 25, ಅಂದರೆ ಒಂದು ಚೀಲ ಅಕ್ಕಿಯಷ್ಟು. ಇನ್ನೊಂದು ಕಡೆಯಿಂದ ನೋಡೋಣ. 70 ಲೀಟರಿನ ಮಧ್ಯಮ ಸೂಟ್‌ಕೇಸನ್ನು ಬಟ್ಟೆಬರೆಯಿಂದ ಒತ್ತಿ ತುಂಬಿದರೆ 15 ಕಿಲೋ ಆಗುತ್ತದೆ. ಅದೇ ಸಾಂದ್ರತೆಯಲ್ಲಿ 400 ಲೀಟರ್ ಪೆಟ್ಟಿಗೆ ತುಂಬಿದರೆ 85 ಕಿಲೋ ದಾಟುತ್ತದೆ. ಅಂದಮೇಲೆ ಮಾರುಕಟ್ಟೆಯಲ್ಲಿ ದೊಡ್ಡಕ್ಷರದಲ್ಲಿ ಅಚ್ಚು ಹಾಕುವ ಆ ಲೀಟರುಗಳ ಸಂಖ್ಯೆ ಬಹುತೇಕ ಕಾರುಗಳಿಗೆ ದಾರಿ ತಪ್ಪಿಸುವ ಸಂಖ್ಯೆ. ಪೆಟ್ಟಿಗೆ ತುಂಬುವ ಮೊದಲೇ ಛಾವಣಿಯ ಮಿತಿ ತುಂಬಿರುತ್ತದೆ. ಗಾತ್ರ ದೊಡ್ಡದು, ತೂಕ ಕಡಿಮೆ, ಅಂಥ ಸಾಮಾನಿಗೆ ಮಾತ್ರ ಅದು ತಕ್ಕ ಜಾಗ: ಕಂಬಳಿ, ದಿಂಬು, ರಗ್ಗು, ಸ್ವೆಟರು, ಮಗುವಿನ ಮಡಚುವ ಗಾಡಿ, ಡೈಪರ್ ಕಟ್ಟು, ಚಪ್ಪಲಿ, ಛತ್ರಿ. ಇವೇ ಒಳಗೆ ಅತಿ ಹೆಚ್ಚು ಜಾಗ ತಿನ್ನುವ ಸಾಮಾನುಗಳೂ ಹೌದು.

ನಮ್ಮ ಪ್ರವಾಸದ ಒಂದು ವಿಶೇಷವನ್ನು ಪೆಟ್ಟಿಗೆ ತಯಾರಿಸುವ ಸ್ವೀಡನ್ನಿನವರು ಊಹಿಸಿರಲಾರರು. ಮಲೆನಾಡಿನಿಂದಲೋ ಕರಾವಳಿಯಿಂದಲೋ ಬೆಂಗಳೂರಿಗೆ ಬಂದು ನೆಲೆಸಿದ ಕುಟುಂಬ ಊರಿಗೆ ಹೋಗುವಾಗ ಒಯ್ಯುವುದು ಬಟ್ಟೆ, ಸ್ವೀಟು. ತರುವುದು ಸುಲಿದ ತೆಂಗಿನಕಾಯಿ, ಕುಚ್ಚಲಕ್ಕಿ, ಹಲಸಿನಹಣ್ಣು, ಮಿಡಿ ಉಪ್ಪಿನಕಾಯಿಯ ಭರಣಿ. ಹೋಗುವಾಗ ಲೆಕ್ಕಕ್ಕೆ ಸರಿಯಿದ್ದ ಪೆಟ್ಟಿಗೆ ಬರುವಾಗ ಲೆಕ್ಕ ತಪ್ಪುತ್ತದೆ. ಸುಲಿದ ಮೂವತ್ತು ಕಾಯಿಯೇ ಹತ್ತಿರ ಹತ್ತಿರ 20 ಕಿಲೋ, ಹಲಸು ಒಂದಕ್ಕೆ ಹತ್ತು ಕಿಲೋ ಆದರೂ ಆಶ್ಚರ್ಯವಿಲ್ಲ. ‘ಮೇಲೆ ಜಾಗ ಇದೆಯಲ್ಲ, ಹಾಕು’ ಎಂಬ ಹಿರಿಯರ ಪ್ರೀತಿಯನ್ನು ತಡೆಯುವುದು ಕಷ್ಟ. ಆದರೂ ಕಾಯಿ, ಅಕ್ಕಿ, ಭರಣಿ ಡಿಕ್ಕಿಯ ತಳಕ್ಕೆ, ಹಿಂದಿನ ಸೀಟಿನ ಬೆನ್ನಿಗೆ ಒತ್ತಿಕೊಂಡು ಇರಬೇಕು. ಅಲ್ಲಿದ್ದ ಬಟ್ಟೆ ಚೀಲ ಮೇಲೆ ಹೋಗಬೇಕು. ಅಲ್ಲೂ ಹಿಡಿಯದಿದ್ದರೆ ಕೆಎಸ್‌ಆರ್‌ಟಿಸಿಯ ‘ನಮ್ಮ ಕಾರ್ಗೋ’ 2021ರಿಂದ ಇದೆ, ಊರೂರಿಗೆ ಖಾಸಗಿ ಪಾರ್ಸೆಲ್ ಲಾರಿಗಳಿವೆ. ಛಾವಣಿಗಿಂತ ಅದು ಅಗ್ಗ. ಬಿಸಿಲನ್ನೂ ಮರೆಯಬಾರದು. ಏಪ್ರಿಲ್‌ನಲ್ಲಿ ರಾಯಚೂರು–ಕಲಬುರಗಿ ಕಡೆ 40 ಡಿಗ್ರಿ ದಾಟುವ ಹೊತ್ತಿನಲ್ಲಿ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆಯ ಒಳಗು ಒಲೆ. ಔಷಧಿ, ಪವರ್ ಬ್ಯಾಂಕ್, ಸೆಂಟ್ ಬಾಟಲಿ ಅಲ್ಲಿ ಇರಕೂಡದು.

ಗಾತ್ರ ಆರಿಸುವಾಗ ಉದ್ದ, ಎತ್ತರ, ತೆರೆಯುವ ಬದಿ ಈ ಮೂರನ್ನೂ ಕಾರಿನ ಪಕ್ಕ ನಿಂತೇ ನೋಡಬೇಕು, ಚಿತ್ರ ನೋಡಿ ಅಲ್ಲ. ಎರಡು ಮೀಟರ್ ಉದ್ದದ ಪೆಟ್ಟಿಗೆ ಗಿಡ್ಡ ಕಾರಿನ ಮೇಲೆ ಕೂತರೆ ಹಿಂಬಾಗಿಲು ಅರ್ಧಕ್ಕೆ ತಾಗಿ ನಿಲ್ಲುತ್ತದೆ. ಅದನ್ನು ತಪ್ಪಿಸಲು ಮುಂದೆ ಸರಿಸಿದರೆ ಗಾಜಿನ ಮೇಲೆ ಚಾಚಿಕೊಂಡು ಗಾಳಿಗೆ ಎದೆಕೊಡುತ್ತದೆ. ಬೆನ್ನಿನ ಮೇಲಿನ ಆಂಟೆನಾ ಇನ್ನೊಂದು ತಡೆ. ಎತ್ತರದ ಸಂಗತಿ ಮಹಾನಗರದವರಿಗೆ ಮುಖ್ಯ. ಹ್ಯುಂಡೈ ಕ್ರೆಟಾದ ಎತ್ತರ 1,635 ಮಿ.ಮೀ. ಅಡ್ಡಪಟ್ಟಿ, ಪೆಟ್ಟಿಗೆ ಸೇರಿ ಅರ್ಧ ಮೀಟರ್ ಹೆಚ್ಚಾದರೆ 2.1 ಮೀಟರ್ ಮುಟ್ಟಿ ದಾಟುತ್ತದೆ, ಮಾಲ್‌ಗಳ, ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯ ಬಾಗಿಲಲ್ಲಿ ತೂಗುವ ಪಟ್ಟಿಯೂ ಸುಮಾರು ಅಷ್ಟೇ. ಪ್ರವಾಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಬರುವವರಿಗೆ ಮೇಲೊಂದು ಪೆಟ್ಟಿಗೆ ಇರುವುದು ಇಳಿಜಾರಿನಲ್ಲಿ ನೆನಪಾಗುವುದಿಲ್ಲ, ತೊಲೆಗೆ ತಗುಲಿದಾಗ ನೆನಪಾಗುತ್ತದೆ. ಒಟ್ಟು ಎತ್ತರ ಬರೆದ ಚೀಟಿಯೊಂದನ್ನು ಸ್ಟೀರಿಂಗಿನ ಬಳಿ ಅಂಟಿಸುವುದು ಬಾಲಿಶ ಎನಿಸಬಹುದು, ಆದರೆ ಸಾಲದ ಕಂತಿನಲ್ಲಿ ಕೊಂಡ ಪೆಟ್ಟಿಗೆಯನ್ನು ಅದು ಕಾಪಾಡುತ್ತದೆ. ಇನ್ನು ತೆರೆಯುವ ಬದಿ. ನಾವು ರಸ್ತೆಯ ಎಡಕ್ಕೆ ನಿಲ್ಲಿಸುವವರು. ಬಲಕ್ಕೆ ಮಾತ್ರ ತೆರೆಯುವ ಪೆಟ್ಟಿಗೆಯಾದರೆ ಸಾಮಾನು ಇಳಿಸಲು ಲಾರಿಗಳು ಹಾಯುವ ಕಡೆ ಬೆನ್ನು ಮಾಡಿ ನಿಲ್ಲಬೇಕು. ಎರಡೂ ಕಡೆ ತೆರೆಯುವಂಥದ್ದು ಸಿಕ್ಕರೆ ಒಳ್ಳೆಯದು, ಎಡಕ್ಕಾದರೂ ತೆರೆಯಲೇಬೇಕು. ಛಾವಣಿ ಹೊರೆಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 11154. ಆ ಗುರುತಿರುವ ಸರಕನ್ನೇ ಕೇಳಬೇಕು. ಬಿಗಿದ ಮೇಲೆ ಮೊದಲ ಐವತ್ತು ಕಿಲೋಮೀಟರಿಗೊಮ್ಮೆ ನಿಂತು ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು, ಹೊಸದರಲ್ಲಿ ಅವು ಸಡಿಲಾಗುತ್ತವೆ.

ಪೆಟ್ಟಿಗೆಯ ವಿರುದ್ಧದ ಮೊದಲ ತಕರಾರು ಇಂಧನದ್ದು, ಅದು ನ್ಯಾಯವಾದದ್ದೇ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದ ಪ್ರಕಾರ ಛಾವಣಿ ಪೆಟ್ಟಿಗೆಯಿಂದ ಊರೊಳಗೆ ಶೇ 2–8, ಹೆದ್ದಾರಿಯಲ್ಲಿ ಶೇ 6–17, ಗಂಟೆಗೆ 105ರಿಂದ 120 ಕಿ.ಮೀ. ವೇಗದಲ್ಲಿ ಶೇ 10–25 ಮೈಲೇಜು ಇಳಿಯುತ್ತದೆ. ನಮ್ಮ ದಾರಿಗೆ ಅನ್ವಯಿಸಿ ನೋಡೋಣ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗಿಬರಲು ಸಾವಿರ ಕಿಲೋಮೀಟರ್. 15 ಕೊಡುವ ಕಾರು 13 ಕೊಟ್ಟರೆ ಹತ್ತು ಲೀಟರ್ ಹೆಚ್ಚು ಬೇಕು, ಸುಮಾರು ಸಾವಿರ ರೂಪಾಯಿ. ಐದಾರು ಜನರ ಕುಟುಂಬದ ಪ್ರವಾಸದ ಖರ್ಚಿನಲ್ಲಿ ಇದು ದೊಡ್ಡದಲ್ಲ. ಲಗೇಜಿಗಾಗಿ ಎರಡನೇ ಕಾರು ತೆಗೆಯುವುದಕ್ಕಿಂತ, ಅಥವಾ ಇದೊಂದೇ ಕಾರಣಕ್ಕೆ ಐದು ಲಕ್ಷ ಹೆಚ್ಚು ಕೊಟ್ಟು ದೊಡ್ಡ ಕಾರು ಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ. ವೇಗ ಇಳಿಸಿದರೆ ಇದೂ ಇಳಿಯುತ್ತದೆ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಾಗುತ್ತದೆ, ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 100ರ ಮಿತಿಯಿದೆಯೆಂದು ಪೆಟ್ಟಿಗೆ ಹೊತ್ತ ಕಾರು 100ರಲ್ಲೇ ಹೋಗಬೇಕಾಗಿಲ್ಲ. ನಿಜವಾದ ಪೋಲು ಬೇರೆಯದು. ಪ್ರವಾಸ ಮುಗಿದು ತಿಂಗಳುಗಳಾದರೂ ಖಾಲಿ ಪೆಟ್ಟಿಗೆ ಹೊತ್ತು ಆಫೀಸಿಗೆ ಹೋಗಿಬರುವ ಕಾರುಗಳಿವೆಯಲ್ಲ, ಅವು ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿ ಶೇ 5ರಷ್ಟು ಮೈಲೇಜು ಕಳೆದುಕೊಂಡರೂ ನಲವತ್ತು ಲೀಟರ್ ಗಾಳಿಗೆ ಹೋಯಿತು. ಸಾಹಸಿಯಂತೆ ಕಾಣುವ ಆಸೆಗೆ ತೆರುವ ಬೆಲೆ ಅದು.

ಎರಡನೆಯ ತಕರಾರು ಇನ್ನೂ ಗಂಭೀರ: ಘಾಟಿಯಲ್ಲಿ ಏನು ಗತಿ? ಇಲ್ಲಿಯೂ ಅಂಕಿಯಿಂದಲೇ ಉತ್ತರಿಸಬಹುದು. ಜನರೂ ಸೇರಿ 1,600 ಕಿಲೋ ತೂಗುವ ಕಾರಿನ ಗುರುತ್ವ ಕೇಂದ್ರ ನೆಲದಿಂದ 60 ಸೆಂ.ಮೀ. ಮೇಲಿದೆ ಎಂದುಕೊಳ್ಳಿ. 1.85 ಮೀಟರ್ ಎತ್ತರದಲ್ಲಿ 60 ಕಿಲೋ ಇಟ್ಟರೆ ಅದು ಸುಮಾರು ನಾಲ್ಕೂವರೆ ಸೆಂ.ಮೀ. ಮೇಲೇರುತ್ತದೆ, ಕಾರು ಮಗುಚದೆ ನಿಲ್ಲುವ ಶಕ್ತಿ ಶೇ 7ರಷ್ಟು ಕುಗ್ಗುತ್ತದೆ. ಸಮತಟ್ಟು ರಸ್ತೆಯಲ್ಲಿ ಇದು ಗೊತ್ತೇ ಆಗದು. ಆಗುಂಬೆಯ ಹದಿನಾಲ್ಕು ತಿರುವುಗಳಲ್ಲಿ, ಚಾರ್ಮಾಡಿಯ ಮಂಜಿನಲ್ಲಿ, ಶಿರಾಡಿಯಲ್ಲಿ ಲಾರಿ ತಪ್ಪಿಸಲು ಸ್ಟೀರಿಂಗ್ ಎಳೆಯುವ ಗಳಿಗೆಯಲ್ಲಿ ಗೊತ್ತಾಗುತ್ತದೆ. 60ರ ಬದಲು 100 ಕಿಲೋ ಹೇರಿದವನಿಗೆ ಅದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಹಾಗೆಂದು ಘಾಟಿಗೆ ಪೆಟ್ಟಿಗೆ ಸಲ್ಲದೆಂದು ನಾನು ಹೇಳಲಾರೆ. ಮಿತಿಯೊಳಗಿನ ಹಗುರ ಹೊರೆ, ಪೆಟ್ಟಿಗೆಯ ನಡುಭಾಗದಲ್ಲಿ ಪಟ್ಟಿ ಹಾಕಿ ಕಟ್ಟಿದ ಸಾಮಾನು, ತಿರುವಿಗೆ ಮೊದಲೇ ಇಳಿಸಿದ ವೇಗ ಇವಿಷ್ಟಿದ್ದರೆ ಕಾರಿನ ತಯಾರಕರೇ ಒಪ್ಪಿದ ಹೊರೆ ಅದು. ಮಳೆಗಾಲದ ಮಲೆನಾಡಿನಲ್ಲಂತೂ ತೆರೆದ ಕ್ಯಾರಿಯರಿಗಿಂತ ಮುಚ್ಚಿದ ಪೆಟ್ಟಿಗೆ ನೂರು ಪಾಲು ವಾಸಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಎದುರು ಬಡಿಯುವ ಆಗುಂಬೆಯ ಮಳೆಗೆ ಯಾವ ಟಾರ್ಪಾಲಿನ ಗಂಟೂ ಉತ್ತರವಲ್ಲ, ಬಟ್ಟೆ ನೆನೆದು ತೊಪ್ಪೆಯಾಗುತ್ತದೆ, ಬಿಚ್ಚಿದ ಟಾರ್ಪಾಲು ಹಿಂದಿನವರ ಗಾಜಿಗೆ ಬಡಿಯುತ್ತದೆ.

ಹಾಸಿಗೆ ಇದ್ದಷ್ಟು ಕಾಲು ಚಾಚಿ, ಕಡಿಮೆ ಸಾಮಾನು ಒಯ್ಯಿರಿ ಎನ್ನುವವರೂ ಇದ್ದಾರೆ. ಇಬ್ಬರೇ ಹೋಗುವ ದಂಪತಿಗೆ, ನಾಲ್ವರ ಕುಟುಂಬಕ್ಕೆ ಈ ಮಾತು ಪೂರ್ತಿ ಸರಿ. ಅವರಿಗೆ ಪೆಟ್ಟಿಗೆ ಬೇಕಾಗಿಲ್ಲ ಎಂದೇ ನನ್ನ ತೀರ್ಪು. ಆದರೆ ಎಳೆ ಮಗು, ಮಂಡಿನೋವಿನ ಅಜ್ಜಿ, ಮಡಚುವ ವೀಲ್‌ಚೇರು ಇರುವ ಮನೆಗೆ ಸರಳ ಜೀವನದ ಪಾಠ ಹೇಳುವುದು ಸುಲಭ, ಹೊರಡುವುದು ಕಷ್ಟ. ಅಂಥವರಿಗೂ ಕೊಳ್ಳುವುದೇ ದಾರಿಯಲ್ಲ. ಗಟ್ಟಿ ಪೆಟ್ಟಿಗೆಗೆ ಹತ್ತಾರು ಸಾವಿರ, ಅದರ ಮೇಲೆ ಅಡ್ಡಪಟ್ಟಿಯ ಬೆಲೆ. ವರ್ಷಕ್ಕೆ ಎರಡು ಸಲ ಬಳಸಿ ಉಳಿದ ದಿನ ಎರಡು ಮೀಟರ್ ಉದ್ದದ ಈ ವಸ್ತುವನ್ನು ಎರಡು ಕೋಣೆಯ ಫ್ಲ್ಯಾಟಿನಲ್ಲಿ ಎಲ್ಲಿಡುವುದು? ಕೆಳಗಿಳಿಸಲು ಜಾಗವಿಲ್ಲದ್ದರಿಂದಲೇ ಎಷ್ಟೋ ಪೆಟ್ಟಿಗೆಗಳು ಕಾರಿನ ಮೇಲೆ ಖಾಯಂ ಆಗುತ್ತವೆ. ಯುರೋಪಿನಲ್ಲಿ ರಜೆಯ ವಾರಕ್ಕೆ ಪೆಟ್ಟಿಗೆ ಬಾಡಿಗೆಗೆ ಕೊಡುವ ಪದ್ಧತಿ ಹಳೆಯದು, ನಮ್ಮಲ್ಲೂ ದಸರೆ, ದೀಪಾವಳಿ, ಬೇಸಿಗೆ ರಜೆ ಎಂದು ಗುಂಪಾಗಿ ಹೊರಡುವ ಅಭ್ಯಾಸವಿರುವಾಗ ಕಾರು ಪರಿಕರದ ಅಂಗಡಿಗಳಿಗೆ, ಅಪಾರ್ಟ್‌ಮೆಂಟ್ ಸಂಘಗಳಿಗೆ ಇದು ಒಳ್ಳೆಯ ವ್ಯವಹಾರವಾಗಬಲ್ಲದು. ಕೊಳ್ಳಲೇಬೇಕಾದವರು ಮಡಚಿ ಕಪಾಟಿನಲ್ಲಿಡಬಹುದಾದ ನೀರು ಹಿಡಿಯದ ಬಟ್ಟೆಯ ಚೀಲವನ್ನೂ ಗಮನಿಸಬೇಕು. ಅದರ ತೂಕ ಕಡಿಮೆ, ಬೆಲೆಯೂ ಕಡಿಮೆ. ಬೀಗ ಸರಿಯಾಗಿ ಹಾಕಲಾಗದು, ಸಡಿಲ ಬಿಟ್ಟರೆ ಗಾಳಿಗೆ ಪಟಪಟ ಬಡಿಯುತ್ತದೆ, ಇವು ಅದರ ಕೊರತೆ. ಬೀಗದ ಮಾತಿಗೆ ಬಂದರೆ ಗಟ್ಟಿ ಪೆಟ್ಟಿಗೆಯದೂ ಹೆದರಿಸುವ ಬೀಗವೇ ಹೊರತು ತಡೆಯುವ ಬೀಗವಲ್ಲ, ಆಭರಣ, ಕ್ಯಾಮೆರಾ ಯಾವುದರಲ್ಲೂ ಮೇಲೆ ಹೋಗಬಾರದು.

ಕೊನೆಯ ತಕರಾರಿಗೆ ನಾಗರಿಕರ ಬಳಿ ಉತ್ತರವಿಲ್ಲ, ಸರ್ಕಾರದ ಬಳಿ ಇರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿಯ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಡಿಗೆ ದಂಡ 5,000 ರೂಪಾಯಿ. ಬೋಲ್ಟ್ ಬಿಚ್ಚಿದರೆ ಕೈಗೆ ಬರುವ, ಕಾರಿನ ಮೈಗೆ ತೂತು ಕೊರೆಯದ, ತಯಾರಕರೇ ಬರೆದುಕೊಟ್ಟ ಹೊರೆಮಿತಿಯೊಳಗಿನ ಪೆಟ್ಟಿಗೆ ಮಾರ್ಪಾಡಲ್ಲ, ಲಗೇಜು ಎಂಬುದು ನನ್ನ ವಾದ. ಕೆಲವು ಕಾರು ಕಂಪನಿಗಳು ಅಡ್ಡಪಟ್ಟಿಗಳನ್ನು ಅಧಿಕೃತ ಪರಿಕರವೆಂದೇ ಮಾರುತ್ತವೆ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಅಕ್ರಮವೆಂದು ಸ್ಪಷ್ಟವಾಗಿ ಸಾರಿದ ಬುಲ್ ಬಾರ್‌ಗಳೊಂದಿಗೆ ಇದನ್ನು ಸೇರಿಸುವುದು ಸರಿಯಲ್ಲ. ಅವು ಪಾದಚಾರಿಗೆ ಮಾರಕ, ಏರ್‌ಬ್ಯಾಗಿನ ಕೆಲಸಕ್ಕೂ ಅಡ್ಡಿ. ಆದರೆ ರಸ್ತೆಬದಿಯಲ್ಲಿ ಕೈ ಅಡ್ಡ ಹಿಡಿದ ಅಧಿಕಾರಿಯೊಂದಿಗೆ ಮಕ್ಕಳನ್ನು ಬಿಸಿಲಲ್ಲಿ ಕೂರಿಸಿ ಕಲಮುಗಳ ಚರ್ಚೆ ಯಾರು ಮಾಡುತ್ತಾರೆ? ಸಾರಿಗೆ ಇಲಾಖೆ ಒಂದೇ ಪುಟದ ಸುತ್ತೋಲೆ ಹೊರಡಿಸಲಿ. ಖಾಸಗಿ ಕಾರಿನ ಮೇಲೆ ತೆಗೆದಿಡಬಹುದಾದ ಪೆಟ್ಟಿಗೆಗೆ ಅನುಮತಿ ಇದೆಯೋ ಇಲ್ಲವೋ, ಇದ್ದರೆ ತೂಕ ಎಷ್ಟು, ಎತ್ತರ ಎಷ್ಟು, ಕಾರಿನ ಅಂಚಿನಿಂದ ಎಷ್ಟು ಹೊರಚಾಚಬಹುದು ಎಂದು ಕನ್ನಡದಲ್ಲಿ ಬರೆದು ಎಲ್ಲ ಚೆಕ್‌ಪೋಸ್ಟಿಗೂ ಕಳುಹಿಸಲಿ. ಹೊರೆಮಿತಿಯ ಅಂಕಿಯನ್ನು ಟೈರಿನ ಗಾಳಿಯ ಅಂಕಿಯ ಜೊತೆಗೇ ಬಾಗಿಲ ಚೌಕಟ್ಟಿನಲ್ಲಿ ಅಚ್ಚು ಹಾಕುವಂತೆ ಕಾರು ಕಂಪನಿಗಳಿಗೆ ಕೇಂದ್ರ ಸರ್ಕಾರ ತಾಕೀತು ಮಾಡಲಿ. ಅದಾಗುವವರೆಗೆ, ಈ ರಜೆಗೆ ಪೆಟ್ಟಿಗೆ ನೋಡುತ್ತಿರುವವರು ಅಂಗಡಿಗೆ ಹೋಗುವ ಮೊದಲು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಪ್ಲಾಸ್ಟಿಕ್ ಕವರು ಬಿಚ್ಚದೆ ಬಿದ್ದಿರುವ ಮ್ಯಾನ್ಯುಯಲ್ ತೆಗೆದು ಆ ಅಂಕಿ ಹುಡುಕಿ. ಅದು ಸಿಗದಿದ್ದರೆ ಪೆಟ್ಟಿಗೆ ಕೊಳ್ಳಬೇಡಿ.